ಪತ್ತಾಕಿನಲ್ಲಿರೋದು ಅಸಲಿ ಪವನಾ? ಮಾರುವ ಮುಂಚೆ, ಪಾಲು ಮಾಡುವ ಮುಂಚೆ ಇಷ್ಟು ನೋಡಿಕೊಳ್ಳಿ

ಮಡಿಕೇರಿ: ಚಿನ್ನದ ರೇಟು ಏರಿದಾಗಲೆಲ್ಲ ಮನೆಗಳಲ್ಲಿ ಹಳೇ ಪೆಟ್ಟಿಗೆ ತೆರೆಯುತ್ತೆ. ಅಜ್ಜಿಯ ಪತ್ತಾಕ್, ಕಾಸಿನ ಸರ, ರಾಣಿ ತಲೆ ಇರುವ ಉಂಗುರ ಹೊರಗೆ ಬರುತ್ತೆ. ಮೂರು ಜನ ಮಕ್ಕಳಿಗೆ ಪಾಲು ಮಾಡಬೇಕು, ಇಲ್ಲವೇ ಮಗಳ ಫೀಸು ಕಟ್ಟಬೇಕು. ಅಂಗಡಿಗೆ ತೆಗೆದುಕೊಂಡು ಹೋದರೆ ಒಂದು ಕಡೆ "ಇದು ಅಸಲಿ ಪವನ್" ಅಂತಾರೆ, ಪಕ್ಕದ ಅಂಗಡಿಯಲ್ಲಿ "ಇದು ಅಚ್ಚು ಹಾಕಿಸಿದ್ದು, ಕ್ಯಾರೆಟ್ ಕಮ್ಮಿ" ಅಂತಾರೆ. ಎರಡರ ನಡುವೆ ಸಾವಿರಾರು ರೂಪಾಯಿ ವ್ಯತ್ಯಾಸ. ಮನೆಯವರಿಗೂ ಗೊತ್ತಿಲ್ಲ, ಎಷ್ಟೋ ಸಲ ಹೊಸದಾಗಿ ಅಂಗಡಿ ಹಾಕಿದ ಹುಡುಗರಿಗೂ ಗೊತ್ತಿರಲ್ಲ. ಆದರೆ ಬ್ರಿಟಿಷ್ ಪವನ್ ಅನ್ನುವುದು ಲೆಕ್ಕಕ್ಕೆ ಸಿಗುವ ವಸ್ತು. ತೂಕ, ಅಗಲ, ಇಸವಿ, ಮುಖ ಎಲ್ಲಕ್ಕೂ ದಾಖಲೆ ಇದೆ.

ಪವನ್ ಅಂದರೆ ಯಾವುದು?

ಈಗ ಕೊಡಗು, ದಕ್ಷಿಣ ಕನ್ನಡ, ಕೇರಳದ ಕಡೆ ಒಂದು ಪವನ್ ಅಂದರೆ 8 ಗ್ರಾಂ ಅಂತ ಲೆಕ್ಕ. ಈ ಲೆಕ್ಕ ಹುಟ್ಟಿದ್ದೇ ಬ್ರಿಟಿಷರ ಸವರನ್ ನಾಣ್ಯದಿಂದ. ಲಂಡನ್ನಿನಲ್ಲಿ 1817ರಿಂದ ಈ ನಾಣ್ಯ ಅಚ್ಚಾಯಿತು. ತೂಕ 7.988 ಗ್ರಾಂ, ಅಗಲ 22.05 ಮಿಲಿಮೀಟರ್, ದಪ್ಪ ಸುಮಾರು ಒಂದೂವರೆ ಮಿಲಿಮೀಟರ್, ಚಿನ್ನ 22 ಕ್ಯಾರೆಟ್. ಅದರೊಳಗೆ ಅಪ್ಪಟ ಚಿನ್ನ 7.32 ಗ್ರಾಂ, ಉಳಿದದ್ದು ಮುಖ್ಯವಾಗಿ ತಾಮ್ರ. ಅರ್ಧ ಪವನ್ ಇದರ ಸರಿಯಾಗಿ ಅರ್ಧ, 3.99 ಗ್ರಾಂ, ಅಗಲ 19.3 ಮಿಲಿಮೀಟರ್.

1899ರಲ್ಲಿ ಬ್ರಿಟಿಷ್ ಸರ್ಕಾರ ಈ ನಾಣ್ಯಕ್ಕೆ ಭಾರತದಲ್ಲೂ ಕಾನೂನಿನ ಬೆಲೆ ಕೊಟ್ಟಿತು. ಒಂದು ಪವನಿಗೆ 15 ರೂಪಾಯಿ. ಹಾಗೆ ಬಂದ ಪವನುಗಳಲ್ಲಿ ಎಷ್ಟೋ ಅಂಗಡಿಯ ಗಲ್ಲಾಪೆಟ್ಟಿಗೆಗೆ ವಾಪಸ್ ಹೋಗಲೇ ಇಲ್ಲ, ನೇರ ಅಕ್ಕಸಾಲಿಗರ ಕೈಗೆ ಹೋದವು. ಕೊಡವ ಮದುವೆಯಲ್ಲಿ ತಾಯಿ ಮಗಳ ಕೊರಳಿಗೆ ಕಟ್ಟುವ ಪತ್ತಾಕಿನ ನಡುವೆ ರಾಣಿಯದೋ ರಾಜನದೋ ಮುಖ ಕೂತಿರುವುದು ಹೀಗೆ. ಸುತ್ತ ಕೆಂಪು ಕಲ್ಲು, ಮೇಲೆ ನಾಗರ ಹೆಡೆ, ಮಧ್ಯದಲ್ಲಿ ಇಂಗ್ಲೆಂಡಿನ ದೊರೆ. ಯೋಚನೆ ಮಾಡಿದರೆ ತಮಾಷೆಯಾಗಿದೆ, ಆದರೆ ಆ ಕಾಲದ ಜನ ದೊರೆಯ ಮುಖಕ್ಕಿಂತ ಅದರ 22 ಕ್ಯಾರೆಟ್ಟನ್ನು ನಂಬಿದ್ದರು.

ಉತ್ತರ ಕರ್ನಾಟಕದ ಕಡೆಯವರು ಇದನ್ನೇ ಗಿನ್ನಿ ಅಂತಾರೆ. ಅಸಲಿಗೆ ಗಿನ್ನಿ ಅನ್ನುವುದು ಅದಕ್ಕೂ ಹಳೆಯ ಬೇರೆ ನಾಣ್ಯ, 1814ಕ್ಕೆ ನಿಂತುಹೋಯಿತು, ತೂಕ 8.35 ಗ್ರಾಂ. ಈ ಕಡೆ ಒಡವೆಗಳಲ್ಲಿ ಅದು ಸಿಗುವುದು ಬಹಳ ಅಪರೂಪ. ಹೆಸರು ಮಾತ್ರ ಉಳಿದುಕೊಂಡಿದೆ.

ಮೊದಲು ಅಳತೆ, ಆಮೇಲೆ ಉಳಿದದ್ದು

ಕೊಂಡಿ ಹಾಕಿದ ಪವನನ್ನು ತೂಕ ಮಾಡಿದರೆ ಕೊಂಡಿಯ ತೂಕವೂ ಸೇರುತ್ತೆ. ಹಾಗಾಗಿ ಒಟ್ಟು ತೂಕ 8 ಗ್ರಾಮಿಗಿಂತ ಜಾಸ್ತಿ ಬರಲೇಬೇಕು. ಕೊಂಡಿ ಸೇರಿಸಿಯೂ 7.9 ಗ್ರಾಂ ಮುಟ್ಟದಿದ್ದರೆ, ಅಗಲ ಮಾತ್ರ ಪೂರ್ತಿ 22 ಮಿಲಿಮೀಟರ್ ಇದ್ದರೆ, ಅಲ್ಲೇ ಅನುಮಾನ ಪಡಬೇಕು. ಸವೆದ ನಾಣ್ಯ ಸ್ವಲ್ಪ ಕಮ್ಮಿ ಬರುತ್ತೆ ಅನ್ನುವುದು ನಿಜ. ಬ್ರಿಟಿಷರ ಕಾನೂನಿನಲ್ಲೇ 7.938 ಗ್ರಾಮಿಗಿಂತ ಕೆಳಗಿಳಿದ ಪವನ್ ಚಲಾವಣೆಗೆ ಅನರ್ಹ ಅಂತಿತ್ತು. ಒಡವೆಯಾಗಿ ನೂರು ವರ್ಷ ಮೈಗೆ ಉಜ್ಜಿದ್ದು ಅದಕ್ಕಿಂತ ಸ್ವಲ್ಪ ಇಳಿದಿರಬಹುದು. ಆದರೆ ಅರ್ಧ ಗ್ರಾಂ, ಒಂದು ಗ್ರಾಂ ಸವೆಯಬೇಕಾದರೆ ಮುಖವೇ ಅಳಿಸಿಹೋಗಬೇಕು. ಮುಖ ಚೆನ್ನಾಗಿ ಕಾಣ್ತಾ ಇದೆ, ತೂಕ ಮಾತ್ರ ಇಲ್ಲ ಅಂದರೆ ಅದು ಸವೆತ ಅಲ್ಲ.

ಅಗಲ ನೋಡಲು ಅಂಗಡಿಯ ವರ್ನಿಯರ್ ಇಲ್ಲದಿದ್ದರೂ ಒಂದು ದಾರಿ ಇದೆ. 2011ರಿಂದ 2018ರ ನಡುವಿನ ಇಸವಿ ಇರುವ ಒಂದು ರೂಪಾಯಿ ನಾಣ್ಯದ ಅಗಲ 21.93 ಮಿಲಿಮೀಟರ್. ಅಂದರೆ ಪವನಿಗೂ ಅದಕ್ಕೂ ಕೂದಲೆಳೆ ವ್ಯತ್ಯಾಸ. ಪಕ್ಕಪಕ್ಕ ಇಟ್ಟು ನೋಡಿ. ಪವನ್ ಆ ರೂಪಾಯಿಗಿಂತ ಎದ್ದು ಕಾಣುವಷ್ಟು ದೊಡ್ಡದಿದ್ದರೆ, ಚಿಕ್ಕದಿದ್ದರೆ ಅದು ಪೂರ್ತಿ ಪವನ್ ಅಲ್ಲ. ಆ ರೂಪಾಯಿಯ ತೂಕ 3.79 ಗ್ರಾಂ. ಅದೇ ಅಗಲದ ಪವನ್ ಅದರ ಎರಡರಷ್ಟಕ್ಕೂ ಜಾಸ್ತಿ ತೂಗುತ್ತೆ. ಎರಡನ್ನೂ ಎರಡು ಅಂಗೈಯಲ್ಲಿ ಇಟ್ಟುಕೊಂಡರೆ ತಕ್ಕಡಿ ಇಲ್ಲದೆಯೂ ಗೊತ್ತಾಗತ್ತೆ. ಹಿತ್ತಾಳೆ ಮೇಲೆ ಬಣ್ಣ ಹಾಕಿದ ಕವರಿಂಗ್ ಕಾಸು ಇಲ್ಲೇ ಸಿಕ್ಕಿಬೀಳುತ್ತೆ, ಅದು ಕೈಗೆ ಹಗುರ.

ಮುಖ ಮತ್ತು ಇಸವಿ ಹೊಂದಬೇಕು

ಅಸಲಿ ಪವನಿನಲ್ಲಿ ಯಾವ ಮುಖಕ್ಕೆ ಯಾವ ಇಸವಿ ಅಂತ ಗಟ್ಟಿ ಲೆಕ್ಕ ಇದೆ. ನಕಲಿ ಮಾಡುವವರು ಎಡವುವುದು ಇಲ್ಲೇ ಜಾಸ್ತಿ.

ವಿಕ್ಟೋರಿಯಾ ರಾಣಿಯದು ಮೂರು ಮುಖ. ಕಿರೀಟ ಇಲ್ಲದೆ, ಕೂದಲು ಹಿಂದಕ್ಕೆ ಕಟ್ಟಿದ ಹುಡುಗಿ ಮುಖ 1838ರಿಂದ 1887ರವರೆಗೆ. ತಲೆ ಮೇಲೆ ಪುಟ್ಟ ಕಿರೀಟ ಇಟ್ಟ ಮುಖ 1887ರಿಂದ 1893. ಸೆರಗು ಹೊದ್ದ ಹಾಗೆ ಕಾಣುವ ಮುದುಕಿ ಮುಖ 1893ರಿಂದ 1901. ಆಮೇಲೆ ಬಂದ ಏಳನೇ ಎಡ್ವರ್ಡ್ ಗಡ್ಡ ಬಿಟ್ಟವನು, ಬೋಳು ತಲೆ, ಬಲಕ್ಕೆ ನೋಡುತ್ತಾನೆ, 1902ರಿಂದ 1910. ಐದನೇ ಜಾರ್ಜಿಗೂ ಗಡ್ಡ ಇದೆ, ಆದರೆ ತಲೆ ತುಂಬ ಕೂದಲು, ಎಡಕ್ಕೆ ನೋಡುತ್ತಾನೆ, 1911ರಿಂದ 1932. ಗಡ್ಡ ನೋಡಿ ಇಬ್ಬರನ್ನೂ ಒಂದೇ ಅಂದುಕೊಳ್ಳುವವರು ಬಹಳ. ಯಾವ ಕಡೆ ನೋಡ್ತಾನೆ ಅನ್ನುವುದನ್ನು ನೆನಪಿಟ್ಟುಕೊಂಡರೆ ಸಾಕು.

1933ರಿಂದ 1956ರವರೆಗಿನ ಇಸವಿ ಹಾಕಿ ಚಲಾವಣೆಗೆಂದು ಮಾಡಿದ ಪವನ್ ಇಲ್ಲವೇ ಇಲ್ಲ. 1940, 1945 ಅಂತ ಇಸವಿ ಇರುವ ಪವನ್ ಯಾರಾದರೂ ತೋರಿಸಿದರೆ ಮುಂದಿನ ಪರೀಕ್ಷೆ ಬೇಡ. 1957ರಿಂದ ಎಲಿಜಬೆತ್ ರಾಣಿಯ ಮುಖದ ಪವನ್ ಬಂತು. ಅದನ್ನು ಮತ್ತೆ ಶುರು ಮಾಡಲು ಒಂದು ಕಾರಣವೇ ಆಗ ಯುರೋಪಿನಲ್ಲಿ ತುಂಬಿಕೊಂಡಿದ್ದ ನಕಲಿ ಪವನುಗಳ ಹಾವಳಿ.

ಅಕ್ಷರಗಳನ್ನೂ ನೋಡಬೇಕು. 1893ರ ನಂತರದ ಮುದುಕಿ ರಾಣಿ, ಎಡ್ವರ್ಡ್, ಐದನೇ ಜಾರ್ಜ್ ಈ ಮೂವರ ಮುಖದ ಸುತ್ತ ಕೊನೆಯಲ್ಲಿ 'ಇಂಡ್ ಇಂಪ್' ಅನ್ನುವ ಇಂಗ್ಲಿಷ್ ಅಕ್ಷರಗಳಿರುತ್ತವೆ. ಭಾರತದ ಚಕ್ರವರ್ತಿ ಅನ್ನುವುದರ ಲ್ಯಾಟಿನ್ ಮೊಟಕು ರೂಪ ಅದು. ಹುಡುಗಿ ರಾಣಿಯ ಪವನಿನಲ್ಲಿ ಇದು ಇರುವುದಿಲ್ಲ. ಇದ್ದರೆ ಅಚ್ಚು ಕಲಸುಮೇಲೋಗರ ಆಗಿದೆ ಅಂತ ಅರ್ಥ.

ಇನ್ನೊಂದು ಸುಲಭದ ಗುರುತು. ಪವನಿನ ಮೇಲೆ ಎಲ್ಲೂ ಅದರ ಬೆಲೆ ಬರೆದಿರುವುದಿಲ್ಲ. 'ಒನ್ ಪೌಂಡ್' ಅಂತಲೂ ಇಲ್ಲ, 'ಸವರನ್' ಅಂತಲೂ ಇಲ್ಲ. ಇದಕ್ಕೆ ಇರುವ ಅಪವಾದ ಅಂದರೆ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 1855ರಿಂದ 1870ರವರೆಗೆ ಅಚ್ಚಾದವು. ಅದರ ಹಿಂಬದಿಯಲ್ಲಿ 'ಸಿಡ್ನಿ ಮಿಂಟ್, ಆಸ್ಟ್ರೇಲಿಯಾ, ಒನ್ ಸವರನ್' ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತೆ. ಅದು ಬಿಟ್ಟು ಬೇರೆ ಹಳೇ ಪವನಿನ ಮೇಲೆ ಬೆಲೆ ಕಂಡರೆ ಅದು ಅಕ್ಕಸಾಲಿ ಮಾಡಿದ ಬಿಲ್ಲೆ.

ಕುದುರೆಯ ಕಾಲಡಿ ಏನಿದೆ?

ಹಿಂಬದಿಯಲ್ಲಿ ಎರಡು ಬಗೆ. ಒಂದು, ಕಿರೀಟ ಮತ್ತು ಗುರಾಣಿ. ಹುಡುಗಿ ರಾಣಿಯ ಪವನುಗಳಲ್ಲಿ ಬಹಳಷ್ಟು ಹೀಗೆಯೇ. ಇನ್ನೊಂದು ಎಲ್ಲರಿಗೂ ಗೊತ್ತಿರುವ ಕುದುರೆ. ಕುದುರೆ ಮೇಲೆ ಕೂತವನು ಸೇಂಟ್ ಜಾರ್ಜ್, ಕೆಳಗೆ ಬಿದ್ದಿರುವುದು ಡ್ರ್ಯಾಗನ್, ಕೈಯಲ್ಲಿ ಗಿಡ್ಡ ಕತ್ತಿ. ಇದನ್ನು ಕೆತ್ತಿದವನು ಬೆನೆದೆತ್ತೊ ಪಿಸ್ಟ್ರೂಚಿ ಅನ್ನುವ ಇಟಲಿಯವ. ಇಸವಿಯ ಬಲಕ್ಕೆ ಅವನ ಹೆಸರಿನ ಮೊದಲಕ್ಷರ 'ಬಿ.ಪಿ.' ಚಿಕ್ಕದಾಗಿ ಇರುತ್ತೆ, ಸವೆದ ನಾಣ್ಯದಲ್ಲಿ ಕಾಣದೆ ಹೋಗಬಹುದು.

ಈಗ ಮುಖ್ಯವಾದದ್ದು. ವಿಕ್ಟೋರಿಯಾಳ ಕಿರೀಟದ ಮುಖದಿಂದ ಹಿಡಿದು ಐದನೇ ಜಾರ್ಜ್ ತನಕ, ಕುದುರೆ ನಿಂತ ನೆಲದ ಗೆರೆಯ ಮೇಲೆ, ಇಸವಿಯ ಸರಿಯಾಗಿ ಮೇಲ್ಗಡೆ ಒಂದು ಪುಟ್ಟ ಅಕ್ಷರ ಇರಬಹುದು. ಆ ನಾಣ್ಯ ಎಲ್ಲಿ ಅಚ್ಚಾಯಿತು ಅಂತ ಹೇಳುವುದು ಅದೇ. ಇಂಗ್ಲಿಷಿನ ಎಸ್ ಇದ್ದರೆ ಸಿಡ್ನಿ, ಎಮ್ ಮೆಲ್ಬರ್ನ್, ಪಿ ಪರ್ತ್, ಸಿ ಕೆನಡಾದ ಒಟ್ಟಾವ, ಎಸ್ ಎ ದಕ್ಷಿಣ ಆಫ್ರಿಕಾದ ಪ್ರಿಟೋರಿಯ. ಐ ಅಕ್ಷರ ಇದ್ದರೆ ಅದು ಇಂಡಿಯಾ, ಅಂದರೆ ಬಾಂಬೆ ಟಂಕಸಾಲೆ. ಅಕ್ಷರವೇ ಇಲ್ಲ ಅಂದರೆ ಲಂಡನ್. ಹುಡುಗಿ ರಾಣಿಯ ಆಸ್ಟ್ರೇಲಿಯಾ ಪವನುಗಳಲ್ಲಿ ಇದೇ ಎಸ್, ಎಮ್ ಬೇರೆ ಜಾಗದಲ್ಲಿರುತ್ತೆ: ಕುದುರೆ ಇರುವುದರಲ್ಲಿ ರಾಣಿಯ ಕತ್ತಿನ ಕೆಳಗೆ, ಗುರಾಣಿ ಇರುವುದರಲ್ಲಿ ಗುರಾಣಿಯ ಕೆಳಗೆ.

ಬಾಂಬೆಯಲ್ಲಿ ಪವನ್ ಅಚ್ಚಾಗಿದ್ದು 1918 ಒಂದೇ ಇಸವಿಯಲ್ಲಿ. ಮೊದಲನೇ ಮಹಾಯುದ್ಧದಿಂದ ಲಂಡನ್ನಿನಿಂದ ಚಿನ್ನ ಸಾಗಿಸುವುದೇ ಕಷ್ಟವಾಗಿ, ಲಂಡನ್ ಟಂಕಸಾಲೆಯ ಶಾಖೆಯನ್ನೇ ಬಾಂಬೆಯಲ್ಲಿ ತೆರೆದು 1919ಕ್ಕೆ ಮುಚ್ಚಿದರು. ಸುಮಾರು 13 ಲಕ್ಷ ಪವನ್ ಅಲ್ಲಿಂದ ಹೊರಬಂತು. ಅದೇ 1918ರಲ್ಲಿ ಬಾಂಬೆಯಲ್ಲೇ ಇದೇ ತೂಕದ, ಇದೇ 22 ಕ್ಯಾರೆಟ್ಟಿನ ಹದಿನೈದು ರೂಪಾಯಿ ಚಿನ್ನದ ನಾಣ್ಯವನ್ನೂ ಮಾಡಿದ್ದರು. ಅದರ ಮೇಲೆ ಹದಿನೈದು ರೂಪಾಯಿ ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತೆ, ಕುದುರೆ ಇರಲ್ಲ. ಅದನ್ನು ನೋಡಿ ನಕಲಿ ಪವನ್ ಅಂದುಬಿಡಬೇಡಿ, ಅದು ಪವನಿಗಿಂತ ಅಪರೂಪದ್ದು.

ಇಲ್ಲೊಂದು ಬಲೆ ಇದೆ. ಲಂಡನ್ನಿನಲ್ಲಿ 1918ರಿಂದ 1924ರವರೆಗೆ ಪವನ್ ಅಚ್ಚಾಗಿಲ್ಲ. ಹಾಗಾಗಿ 1918, 1920, 1922 ಇಂಥ ಇಸವಿಯ ಪವನಿನಲ್ಲಿ ಊರಿನ ಅಕ್ಷರ ಇರಲೇಬೇಕು. ಇಲ್ಲ ಅಂದರೆ ನಕಲಿ. ಆದರೆ ಬರಿಗಣ್ಣಲ್ಲಿ ನೋಡಿ ಇಲ್ಲ ಅಂತ ತೀರ್ಮಾನಕ್ಕೆ ಬರಬೇಡಿ, ಆ ಅಕ್ಷರ ಎಳ್ಳಿನ ತುದಿಯಷ್ಟಿರುತ್ತೆ. ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್ ಹಿಡಿದು, ಟಾರ್ಚ್ ಬೆಳಕನ್ನು ಪಕ್ಕದಿಂದ ಬಿಟ್ಟು ನೋಡಬೇಕು. 1917ರ ಲಂಡನ್ ಪವನ್ ಅಸಲಿಯಾಗಿ ಇದೆ, ಆದರೆ ಉಳಿದಿರುವುದು ಬಹಳ ಕಮ್ಮಿ, ಅದಕ್ಕೇ ಅದರ ನಕಲಿಗಳು ಜಾಸ್ತಿ. 2013ರಿಂದ ಈಚೆಗೆ ಭಾರತದಲ್ಲಿ ಲೈಸೆನ್ಸ್ ಪಡೆದು ಅಚ್ಚು ಹಾಕಿದ್ದ ಎಲಿಜಬೆತ್ ಪವನಿನಲ್ಲೂ ಐ ಅಕ್ಷರ ಇದೆ. ಅದನ್ನು ಹಳೇ ಬಾಂಬೆ ಪವನ್ ಅಂತ ಹೇಳಿ ಜಾಸ್ತಿ ದುಡ್ಡು ಕೇಳಿದರೆ ಕೊಡಬೇಡಿ.

ಪತ್ತಾಕ್, ಡಾಲರ್ ಮಾಡಿಸಿದ್ದಾದರೆ ಇನ್ನೂ ಒಂದು ನೋಡಬಹುದು. ಎಡ್ವರ್ಡ್ ಮತ್ತು ಐದನೇ ಜಾರ್ಜ್ ಪವನಿನಲ್ಲಿ ಎರಡೂ ಬದಿಯ ಚಿತ್ರ ಒಂದೇ ಕಡೆಗೆ ನೆಟ್ಟಗಿರುತ್ತೆ. ಕೊಂಡಿ ರಾಜನ ತಲೆ ಮೇಲೆ ಇದ್ದರೆ, ಪುಸ್ತಕದ ಹಾಳೆ ತಿರುವಿದ ಹಾಗೆ ತಿರುಗಿಸಿದಾಗ ಕುದುರೆ ಕೂಡ ನೆಟ್ಟಗೆ ನಿಂತಿರಬೇಕು. ಕುದುರೆ ತಲೆಕೆಳಗಾಗಿದ್ದರೆ ಎರಡು ಅಚ್ಚನ್ನು ಹೇಗೋ ಕೂಡಿಸಿದ್ದಾರೆ ಅಂತ ಲೆಕ್ಕ.

ಚಿನ್ನವೂ ನಿಜ, ನಾಣ್ಯವೂ ನಿಜ?

ಇವು ಎರಡು ಬೇರೆ ಪ್ರಶ್ನೆ. ನಕಲಿ ಪವನುಗಳಲ್ಲಿ ಬಹಳಷ್ಟು ನಿಜವಾದ ಚಿನ್ನದ್ದೇ. ಎರಡನೇ ಮಹಾಯುದ್ಧದ ನಂತರ ಇಟಲಿಯಲ್ಲಿ, ಆಮೇಲೆ ಬೈರೂತಿನಲ್ಲಿ ಇಂಥವು ರಾಶಿ ರಾಶಿ ಆಗಿವೆ, ಕೆಲವು ಸರಿಯಾಗಿ 22 ಕ್ಯಾರೆಟ್ಟೇ ಇವೆ. ನಮ್ಮ ಕಡೆಯೂ ಪತ್ತಾಕಿಗೆ ಪವನ್ ಸಿಗದಿದ್ದಾಗ ಮನೆಯ ಚಿನ್ನ ಕೊಟ್ಟು ಅದೇ ಅಚ್ಚಿನಲ್ಲಿ ಬಿಲ್ಲೆ ಮಾಡಿಸಿಕೊಂಡವರಿದ್ದಾರೆ. ಅದರಲ್ಲಿ ಮೋಸ ಏನೂ ಇಲ್ಲ, ಕ್ಯಾರೆಟ್ ಎಷ್ಟಿದೆಯೋ ಅಷ್ಟು ಬೆಲೆ. ಗಲಾಟೆ ಆಗುವುದು 18 ಕ್ಯಾರೆಟ್ ಬಿಲ್ಲೆಯನ್ನು ಪವನ್ ಲೆಕ್ಕದಲ್ಲಿ ಪಾಲು ಮಾಡಿಬಿಟ್ಟಾಗ. ಅಣ್ಣನ ಪಾಲಿಗೆ ಅಸಲಿ, ತಂಗಿಯ ಪಾಲಿಗೆ ಬಿಲ್ಲೆ ಬಂದರೆ ಮಾತು ಬಿಡುವ ಮಟ್ಟಕ್ಕೆ ಹೋಗುತ್ತೆ. ಪಾಲಿಗೆ ಮುಂಚೆ ಪರೀಕ್ಷೆ ಮಾಡಿಸುವುದು ವಾಸಿ.

ಲೆನ್ಸಿನಲ್ಲಿ ನೋಡುವಾಗ ಅಕ್ಷರದ ಅಂಚು ಗಮನಿಸಿ. ಅಸಲಿ ಪವನಿನಲ್ಲಿ ಅಕ್ಷರ ನೆಲದಿಂದ ನೆಟ್ಟಗೆ ಎದ್ದಿರುತ್ತೆ, ಬುಡ ಚೂಪಾಗಿರುತ್ತೆ. ಸವೆದರೆ ಮೇಲಿನ ಭಾಗ ಸವೆಯುತ್ತೆ, ಬುಡ ಹಾಗೇ ಉಳಿಯುತ್ತೆ. ಎರಕ ಹೊಯ್ದ ನಕಲಿಯಲ್ಲಿ ಅಕ್ಷರ ಸೋಪು ಕರಗಿದ ಹಾಗೆ ಉಬ್ಬಿಕೊಂಡಿರುತ್ತೆ, ಬಯಲು ಜಾಗದಲ್ಲಿ ಸಣ್ಣ ಗುಳಿ, ಬೊಕ್ಕೆ ಕಾಣುತ್ತೆ. ಅಂಚಿನ ಸಣ್ಣ ಗೆರೆಗಳು ಒಂದೇ ಸಮ ಇರಬೇಕು. ಒಡವೆಯಲ್ಲಿ ಸುತ್ತ ಪಟ್ಟಿ ಕಟ್ಟಿದ್ದರೆ ಅಂಚು ಕಾಣುವುದಿಲ್ಲ, ಆಗ ಈ ಪರೀಕ್ಷೆ ಬಿಡಬೇಕಾಗುತ್ತೆ.

ಬಣ್ಣ ನೋಡಿ ಹೇಳುವವರ ಮಾತು ಪೂರ್ತಿ ನಂಬಬೇಡಿ. ಸಾಮಾನ್ಯ ಪವನ್ ತಾಮ್ರದಿಂದಾಗಿ ಸ್ವಲ್ಪ ಕೆಂಪು. ಆಸ್ಟ್ರೇಲಿಯಾದ ಹಳೆಯವುಗಳಲ್ಲಿ ಬೆಳ್ಳಿ ಬೆರೆಸಿದ್ದರಿಂದ ಹಳದಿ. ಎರಡೂ ಅಸಲಿಯೇ.

ನೀರಿನ ಪರೀಕ್ಷೆ

ಕಲ್ಲು, ಅರಗು ಇಲ್ಲದ ಬರೀ ಕೊಂಡಿಯ ಪವನಿಗೆ ಇದು ಒಳ್ಳೇ ಪರೀಕ್ಷೆ. ಖರ್ಚಿಲ್ಲ, ನಾಣ್ಯಕ್ಕೆ ಗಾಯ ಇಲ್ಲ. 0.01 ಗ್ರಾಂ ತೋರಿಸುವ ತಕ್ಕಡಿ ಬೇಕು, ಚಿನ್ನದ ಅಂಗಡಿಯಲ್ಲಿ ಇದ್ದೇ ಇರುತ್ತೆ. ಮೊದಲು ಪವನಿನ ತೂಕ ಬರೆದುಕೊಳ್ಳಿ. ಆಮೇಲೆ ತಕ್ಕಡಿ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆ ಮಾಡಿ. ತೆಳು ದಾರದಲ್ಲಿ ಪವನನ್ನು ಕಟ್ಟಿ ನೀರಿನೊಳಗೆ ಪೂರ್ತಿ ಮುಳುಗಿಸಿ ಹಿಡಿಯಿರಿ. ತಳಕ್ಕೆ, ಗೋಡೆಗೆ ತಾಗಬಾರದು, ಗುಳ್ಳೆ ಅಂಟಿರಬಾರದು. ಈಗ ತಕ್ಕಡಿ ತೋರಿಸುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿ.

ಬಿಡಿ ಪವನ್ ಆದರೆ ತಕ್ಕಡಿ ಸುಮಾರು 0.45 ತೋರಿಸಬೇಕು. 7.98ನ್ನು 0.45ರಿಂದ ಭಾಗಿಸಿದರೆ 17.7. 22 ಕ್ಯಾರೆಟ್ಟಿಗೆ ಈ ಉತ್ತರ 17.5ರಿಂದ 18ರ ಒಳಗೆ ಬರುತ್ತೆ. 18 ಕ್ಯಾರೆಟ್ ಆದರೆ 15ರ ಆಸುಪಾಸಿಗೆ ಇಳಿಯುತ್ತೆ, ಹಿತ್ತಾಳೆ ಆದರೆ ಎಂಟೂವರೆ. ಕೊಂಡಿ ಸೇರಿ 9.10 ಗ್ರಾಂ ಇದ್ದು ತಕ್ಕಡಿ 0.53 ತೋರಿಸಿತು ಅಂದುಕೊಳ್ಳಿ, ಉತ್ತರ 17.2. ಕೊಂಡಿಯ ಬೆಸುಗೆಯಲ್ಲಿ ಚಿನ್ನ ಕಮ್ಮಿ ಇರುವುದರಿಂದ ಅಷ್ಟು ಇಳಿಯುವುದು ಸಹಜ. 19 ದಾಟಿದರೂ ಖುಷಿ ಪಡಬೇಡಿ. 22 ಕ್ಯಾರೆಟ್ ಅಷ್ಟು ಬರುವುದಿಲ್ಲ. ಅಳತೆ ತಪ್ಪಿರಬೇಕು, ಇಲ್ಲವೇ ಒಳಗೆ ಟಂಗ್‌ಸ್ಟನ್ ಲೋಹ ಇಟ್ಟು ಮೇಲೆ ಚಿನ್ನ ಹೊದಿಸಿರಬೇಕು. ಮತ್ತೆ ಅಳೆದು ನೋಡಿ.

ಅಂಗಡಿಯ ಕ್ಯಾರೆಟ್ ಮೀಟರ್ ಮೇಲಿನ ಪದರ ಮಾತ್ರ ಓದುತ್ತೆ. ಬೆಸುಗೆ ಹತ್ತಿರ ಇಟ್ಟರೆ ಕಮ್ಮಿ ತೋರಿಸುತ್ತೆ, ಅದನ್ನೇ ಇಡೀ ಪವನಿಗೆ ಹಚ್ಚಿ ರೇಟು ಕಟ್ಟುವುದು ಸರಿಯಲ್ಲ. ನಾಣ್ಯದ ನಡುಭಾಗದಲ್ಲಿ, ಎರಡೂ ಬದಿ ಓದಿಸಿ ಅಂತ ಕೇಳಿ. 91.6ರ ಆಸುಪಾಸು ಬರಬೇಕು. ಒರೆಗಲ್ಲಿನ ಮೇಲೆ ಉಜ್ಜುವುದಾದರೆ ಅಂಚಿನ ಮರೆಯಲ್ಲಿ ಉಜ್ಜಲಿ, ರಾಣಿಯ ಕೆನ್ನೆ ಮೇಲೆ ಬೇಡ. ಮ್ಯಾಗ್ನೆಟ್ ಇಟ್ಟು ನೋಡುವುದರಿಂದ ಕಬ್ಬಿಣ ಇದೆಯಾ ಅಂತ ಗೊತ್ತಾಗುತ್ತೆ ಅಷ್ಟೇ, ಹಿತ್ತಾಳೆ ತಾಮ್ರಕ್ಕೆ ಅದು ಅಂಟುವುದಿಲ್ಲ.

ಅಂಗಡಿಗಳ ನಡುವೆ ಮಾತು ಹೊಂದದಿದ್ದರೆ ಬಿಐಎಸ್ ಮಾನ್ಯತೆ ಇರುವ ಹಾಲ್‌ಮಾರ್ಕಿಂಗ್ ಕೇಂದ್ರಕ್ಕೆ ಗ್ರಾಹಕರೇ ನೇರ ಹೋಗಿ ಪರೀಕ್ಷೆ ಮಾಡಿಸಬಹುದು. ನಾಲ್ಕು ವಸ್ತುಗಳವರೆಗೆ 200 ರೂಪಾಯಿ ಶುಲ್ಕ ಅಂತ ಬಿಐಎಸ್ ನಿಗದಿ ಮಾಡಿದೆ, ವರದಿ ಕೈಗೆ ಸಿಗುತ್ತೆ. ಹಾಲ್‌ಮಾರ್ಕ್ ಇಲ್ಲದ ಹಳೇ ಒಡವೆಯನ್ನು ಮನೆಯವರು ಅಂಗಡಿಗೆ ಮಾರಲು ಯಾವ ಅಡ್ಡಿಯೂ ಇಲ್ಲ. ಆರು ಅಕ್ಷರ-ಅಂಕಿಯ ಎಚ್‌ಯುಐಡಿ ನಿಯಮ ಇರುವುದು ಅಂಗಡಿಯವರು ಮಾರುವ ಒಡವೆಗೆ.

ರೇಟು ಕಟ್ಟುವಾಗ

ಪತ್ತಾಕ್ ಒಟ್ಟು 11.5 ಗ್ರಾಂ ತೂಗಿದರೆ ಅದರಲ್ಲಿ ಪವನ್ 7.9 ಗ್ರಾಮಿಗಿಂತ ಸ್ವಲ್ಪ ಮೇಲೆ, ಉಳಿದ ಮೂರೂವರೆ ಗ್ರಾಂ ಕಟ್ಟು, ಕಲ್ಲು, ಕಲ್ಲಿನ ಹಿಂದಿನ ಅರಗು. ಅರಗಿಗೆ, ಕಲ್ಲಿಗೆ ಚಿನ್ನದ ರೇಟು ಕೇಳಬೇಡಿ, ಅದು ಸಿಗಲ್ಲ. ಹಾಗೆಯೇ ಒಟ್ಟು ತೂಕಕ್ಕೆ ಒಂದೇ ಸಮ ಇಷ್ಟು ಪರ್ಸೆಂಟ್ ಕಳೆಯುತ್ತೇನೆ ಅಂದರೆ ಒಪ್ಪಬೇಡಿ, ಪವನಿನ ಭಾಗಕ್ಕೆ ಕಳೆಯುವುದಕ್ಕೆ ಏನೂ ಇಲ್ಲ. ಪವನ್ ಬೇರೆ, ಕಟ್ಟು ಬೇರೆ ಲೆಕ್ಕ ಹಾಕಿಸಿ. ಕರಗಿಸಿ ನೋಡೋಣ ಅನ್ನುವ ಮಾತಿಗೆ ಮನೆಯಲ್ಲಿ ಎಲ್ಲರೂ ಒಪ್ಪಿದ ಮೇಲೇ ಹೂಂ ಅನ್ನಿ, ಕರಗಿದ್ದು ಪವನ್ ಆಗಿತ್ತು ಅಂತ ಆಮೇಲೆ ತೋರಿಸಲು ಏನೂ ಉಳಿಯಲ್ಲ.

ಸಂಗ್ರಹಕಾರರು ಚಿನ್ನದ ರೇಟಿಗಿಂತ ಜಾಸ್ತಿ ಕೊಡುತ್ತಾರೆ ಅನ್ನುವ ಆಸೆ ಹಲವರಿಗಿದೆ. ಬೆಸುಗೆ ಬಿದ್ದ ಪವನಿಗೆ ಆ ಜಾಸ್ತಿ ಬಹುಪಾಲು ಹೋಗಿಬಿಟ್ಟಿರುತ್ತೆ. ಬೆಸುಗೆ ಇಲ್ಲದೆ ಬರೀ ಪಟ್ಟಿಯ ಹಿಡಿತದಲ್ಲಿ ಕೂರಿಸಿದ್ದಾದರೆ ಬಿಡಿಸುವ ಮುಂಚೆ ಇಸವಿ, ಅಕ್ಷರ ನೋಡಿ. ವಿಕ್ಟೋರಿಯಾ ಪವನಿನಲ್ಲಿ 1841ರಂಥ ಇಸವಿ ಬಹಳ ಕಮ್ಮಿ ಅಚ್ಚಾಗಿದೆ, ಅಂಥದ್ದು ಸಿಕ್ಕರೆ ಅಕ್ಕಸಾಲಿಗಿಂತ ಮೊದಲು ನಾಣ್ಯ ಬಲ್ಲವರಿಗೆ ತೋರಿಸಿ. ಪೇಸ್ಟು ಹಾಕಿ ಬ್ರಶ್ ಉಜ್ಜಿ ಹೊಳಪು ಮಾಡಿಸಿಕೊಂಡು ಹೋಗಬೇಡಿ, ಇರುವ ಬೆಲೆಯೂ ಉಜ್ಜಿಹೋಗುತ್ತೆ. ಸೋಪಿನ ನೀರಲ್ಲಿ ಅದ್ದಿ ಬಟ್ಟೆಯಲ್ಲಿ ಒತ್ತಿದರೆ ಸಾಕು.

ಗಲ್ಫ್‌ಗೋ ಲಂಡನ್‌ಗೋ ಹೋಗುವ ಮಕ್ಕಳ ಕೈಯಲ್ಲಿ ಬಿಡಿ ಪವನ್ ಕಳಿಸುವವರು ಒಂದು ತಿಳಿದಿರಲಿ. 1972ರ ಪ್ರಾಚೀನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪ್ರಾಚೀನ ವಸ್ತುವೇ, ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಐದನೇ ಜಾರ್ಜಿನ ಪವನುಗಳೂ ಒಂದೊಂದಾಗಿ ನೂರು ದಾಟುತ್ತಿವೆ. ಕಸ್ಟಮ್ಸಿನಲ್ಲಿ ಮೊದಲೇ ಕೇಳಿಕೊಂಡು ಹೋಗುವುದು ಕ್ಷೇಮ.

ಕೊನೆಯದಾಗಿ ಅಂಗಡಿಯವರಿಗೂ ತೋಟದ ಮನೆಯವರಿಗೂ ಒಂದು ಎಚ್ಚರಿಕೆ. "ಪಾಯ ತೋಡುವಾಗ ಬಂಗಾರದ ಬಿಲ್ಲೆ ಸಿಕ್ಕಿದೆ, ಅರ್ಧ ರೇಟಿಗೆ ಕೊಡ್ತೀವಿ" ಅಂತ ಫೋನ್ ಬರುವ ಮೋಸ ಹೊಸದಲ್ಲ. ದಾವಣಗೆರೆ, ಚಿತ್ರದುರ್ಗ, ವಿಜಯನಗರ ಕಡೆಯ ಠಾಣೆಗಳಲ್ಲಿ ಇಂಥ ಕೇಸುಗಳು ಆಗಾಗ ದಾಖಲಾಗುತ್ತಲೇ ಇವೆ. ಮೊದಲು ಒಂದು ಅಸಲಿ ಬಿಲ್ಲೆ ಕೊಟ್ಟು "ಎಲ್ಲಿ ಬೇಕಾದರೂ ತೋರಿಸಿ" ಅಂತಾರೆ. ತೋರಿಸಿದರೆ ಚಿನ್ನವೇ. ಆಮೇಲೆ ದುಡ್ಡು ತಂದ ದಿನ ಕೊಡುವ ಚೀಲದಲ್ಲಿ ಇರುವುದು ಹಿತ್ತಾಳೆ. ಒಂದನ್ನು ಪರೀಕ್ಷೆ ಮಾಡಿ ನೂರನ್ನು ಕೊಳ್ಳುವಂತೆ ಮಾಡುವುದೇ ಅವರ ಉಪಾಯ. ನಿಜವಾಗಿ ಭೂಮಿಯಲ್ಲಿ ಸಿಕ್ಕಿದ್ದರೂ ಅದನ್ನು ಮಾರುವ, ಕೊಳ್ಳುವ ಹಾಗಿಲ್ಲ. ಕರ್ನಾಟಕದ 1962ರ ನಿಧಿ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ಇಂಥ ಫೋನ್ ಬಂದರೆ ಮಾತು ಮುಂದುವರಿಸದೆ 112ಕ್ಕೆ ಅಥವಾ ಹತ್ತಿರದ ಠಾಣೆಗೆ ಹೇಳಿ.